ದೆವ್ವದ ಮನೆಯಲ್ಲಿ ಎಂಟು ಮಂತ್ರಿಗಳು

ನಮ್ಮ ಕಡೆಯ ದೆವ್ವಗಳಿಗೆ ಓದು ಬರುತ್ತದೆ ಎನ್ನುವುದಕ್ಕೆ ತೊಂಬತ್ತರ ದಶಕದ ಬಾಗಿಲುಗಳೇ ಸಾಕ್ಷಿ. ರಾತ್ರಿ ಹೊತ್ತು ಬಾಗಿಲು ಬಡಿದು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವವೊಂದು ಬೀದಿ ಬೀದಿ ತಿರುಗುತ್ತಿದೆ ಎಂದು ಗುಲ್ಲೆದ್ದಾಗ ಜನ ಪೊಲೀಸರನ್ನು ಕರೆಯಲಿಲ್ಲ, ಸೀಮೆಸುಣ್ಣ ಹುಡುಕಿದರು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬಂದು, ಓದಿಕೊಂಡು, ಮರ್ಯಾದೆಯಿಂದ ವಾಪಸು ಹೋಗುತ್ತಿತ್ತಂತೆ. ಮಾರನೆಯ ದಿನ ಬಂದರೂ ಅದೇ ಬರಹ. ಒಂದು ಸಹಿಗಾಗಿ ಕಚೇರಿಗಳಿಗೆ ಅಲೆದವರಿಗೆ ಈ ಉಪಾಯವನ್ನು ನಮ್ಮವರು ಎಲ್ಲಿಂದ ಕಲಿತರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಓದು ಬರುವ ದೆವ್ವ ಒಂದು ಬಗೆಯಾದರೆ, ಲೆಕ್ಕ ಬಿಡಿಸು ಎಂದು ಪೀಡಿಸುವ ದೆವ್ವ ಇನ್ನೊಂದು ಬಗೆ. ಈ ಎರಡನೆಯ ಬಗೆಯದನ್ನು ನಾನು ಮೊದಲು ಕಂಡದ್ದು ಮೈಸೂರಿನಲ್ಲಿ, ದೊಡ್ಡಪ್ಪನ ಮನೆಯ ಹದಿನಾಲ್ಕು ಇಂಚಿನ ಮಾನಿಟರಿನೊಳಗೆ. ದೆವ್ವ ಅಮೆರಿಕದ್ದು. ಹೆಸರು ಹೆನ್ರಿ ಸ್ಟೌಫ್. ಅದು ವಾಸವಿದ್ದ ಆಟದ ಹೆಸರು ‘ದಿ ಸೆವೆಂತ್ ಗೆಸ್ಟ್’, ಎಂದರೆ ಏಳನೆಯ ಅತಿಥಿ, ಹೊರಬಂದದ್ದು 1993ರಲ್ಲಿ.

ದೊಡ್ಡಪ್ಪ ಬ್ಯಾಂಕಿನಿಂದ ನಿವೃತ್ತರಾದವರು. ಮಗ ತಂದಿಟ್ಟ ಕಂಪ್ಯೂಟರಿನ ಮೇಲೆ ಅವರಿಗೆ ಮೊದಮೊದಲು ಅಷ್ಟೇನೂ ಗೌರವವಿರಲಿಲ್ಲ. ಟೇಬಲ್‌ಕ್ಲಾತ್ ಹೊದಿಸಿ ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಗೌರವ ಹುಟ್ಟಿದ್ದು ಬೆಂಗಳೂರಿನ ಗಾಂಧಿನಗರದ ಕಡೆಯಿಂದ ಬಂದ, ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಎರಡು ನಕಲು ಸಿ.ಡಿ.ಗಳಿಂದ. ಅಸಲು ಸಿ.ಡಿ. ಕೊಳ್ಳುವ ಪದ್ಧತಿ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗ ಅದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ, ಆಗ ಆಗುತ್ತಿರಲಿಲ್ಲ.

ಎರಡು ಸಿ.ಡಿ. ಎನ್ನುವುದನ್ನು ಇಂದಿನವರು ಸುಮ್ಮನೆ ಓದಿ ಮುಂದೆ ಹೋಗಬಾರದು. ಆ ಕಾಲದ ಆಟಗಳು ಬರುತ್ತಿದ್ದದ್ದು 1.44 ಎಂ.ಬಿ.ಯ ಫ್ಲಾಪಿಗಳಲ್ಲಿ. ಒಂದು ಸಿ.ಡಿ.ಯಲ್ಲಿ ಸುಮಾರು 650 ಎಂ.ಬಿ. ಹಿಡಿಯುತ್ತಿತ್ತು; ಎಂದರೆ ನಾನೂರೈವತ್ತು ಫ್ಲಾಪಿಗಳ ಸರಕು. ಇಷ್ಟು ಜಾಗ ಸಿಕ್ಕರೂ ಅದನ್ನು ಓದುವ ಡ್ರೈವಿನ ವೇಗ ಮಾತ್ರ ಎತ್ತಿನ ಗಾಡಿಯದು, ಸೆಕೆಂಡಿಗೆ 150 ಕೆ.ಬಿ. ಈ ಸಣ್ಣ ಕಿಂಡಿಯಲ್ಲಿ ಪರದೆ ತುಂಬುವ ಚಲನಚಿತ್ರವನ್ನು ಹರಿಸುವುದು ಹೇಗೆ ಎಂಬುದೇ ಆಟ ಮಾಡಿದವರಿಗೆ ಎದುರಾದ ಮೊದಲ ಒಗಟು. ಅದನ್ನು ಬಿಡಿಸಿದವನು ಗ್ರೇಮ್ ಡಿವೈನ್ ಎಂಬ ಪ್ರೋಗ್ರಾಮರ್. ಚಿತ್ರಗಳ ಹೊಣೆ ರಾಬ್ ಲ್ಯಾಂಡರೋಸ್ ಎಂಬ ಕಲಾವಿದನದು. ಇಬ್ಬರೂ ವರ್ಜಿನ್ ಕಂಪನಿಯ ಆಟಗಳ ವಿಭಾಗದಲ್ಲಿದ್ದವರು. ಇಂಥದ್ದೊಂದು ಆಟ ಮಾಡಬೇಕೆಂದು ಬರೆದುಕೊಟ್ಟಾಗ ಅಲ್ಲಿನ ಮುಖ್ಯಸ್ಥ ಮಾರ್ಟಿನ್ ಆಲ್ಪರ್ ಅವರನ್ನು ಊಟಕ್ಕೆ ಕರೆದುಕೊಂಡು ಹೋಗಿ, ಇಬ್ಬರನ್ನೂ ಕೆಲಸದಿಂದ ತೆಗೆದಿದ್ದೇನೆ ಎಂದನಂತೆ. ತುತ್ತು ಗಂಟಲಲ್ಲಿ ನಿಂತಿರಬೇಕು. ಹೊರಗೆ ಹೋಗಿ ನಿಮ್ಮದೇ ಕಂಪನಿ ಕಟ್ಟಿ, ಈ ಆಟವನ್ನು ಅಲ್ಲಿ ಮಾಡಿ, ಪ್ರಕಟಿಸುವುದು ನಮ್ಮ ಜವಾಬ್ದಾರಿ ಎನ್ನುವುದು ಆಮೇಲೆ ಬಂದ ಮಾತು. ಹಾಗೆ ಹುಟ್ಟಿದ್ದು ಆರೆಗನ್ ರಾಜ್ಯದ ಟ್ರೈಲೊಬೈಟ್ ಕಂಪನಿ. ಕೆಲಸದಿಂದ ತೆಗೆಯುವುದೇ ಬಡ್ತಿಯಾದ ಇಂಥ ಪ್ರಸಂಗವನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಕಥೆ ಬರೆದವನು ಮ್ಯಾಥ್ಯೂ ಕಾಸ್ಟೆಲೊ ಎಂಬ ಭಯಾನಕ ಕಾದಂಬರಿಕಾರ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಂಡೆಯಲ್ಲಿ ಒಂದು ಕಲ್ಪಿತ ಊರು. ಸ್ಟೌಫ್ ಎಂಬ ಅಲೆಮಾರಿ ಕಳ್ಳ ಕೈಚೀಲದ ಆಸೆಗೆ ಒಬ್ಬ ಹೆಂಗಸನ್ನು ಕೊಂದುಬಿಡುತ್ತಾನೆ. ಅನಂತರ ಅವನ ಕನಸಿನಲ್ಲಿ ಒಂದು ಗೊಂಬೆ ಬರುತ್ತದೆ. ಎದ್ದವನೇ ಮರದ ತುಂಡಿನಲ್ಲಿ ಅದನ್ನು ಕೆತ್ತಿ, ಹೆಂಡದಂಗಡಿಯವನ ಮಗಳಿಗೆಂದು ಕೊಟ್ಟು ಊಟ ವಸತಿ ಗಿಟ್ಟಿಸುತ್ತಾನೆ. ಮತ್ತೊಂದು ಕನಸು, ಮತ್ತೊಂದು ಆಟಿಕೆ. ಕಳ್ಳ ಹೋಗಿ ಊರಿನ ಪ್ರಖ್ಯಾತ ಗೊಂಬೆ ಸಾಹುಕಾರನಾಗುತ್ತಾನೆ. ಆಮೇಲೆ ಊರಿನ ಮಕ್ಕಳಿಗೆ ಹೆಸರಿಲ್ಲದ ಕಾಯಿಲೆ ಬಂದು, ಅವನ ಗೊಂಬೆಗಳನ್ನು ಅಪ್ಪಿಕೊಂಡೇ ಒಂದೊಂದಾಗಿ ಸಾಯುತ್ತವೆ. ಸ್ಟೌಫ್ ಕನಸಿನಲ್ಲಿ ಕಂಡಂಥದೇ ಬಂಗಲೆ ಕಟ್ಟಿಸಿ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಕೊನೆಗೊಂದು ದಿನ ಆರು ಮಂದಿಗೆ ಆಮಂತ್ರಣ ಹೋಗುತ್ತದೆ. ಗಂಡ ಹೆಂಡಿರಾದ ನಾಕ್ಸ್ ದಂಪತಿ, ಜಾದೂಗಾರ ಹ್ಯಾಮಿಲ್ಟನ್ ಟೆಂಪಲ್, ಕಳೆದ ಯೌವನವನ್ನು ಮರಳಿ ಬೇಡುವ ಜೂಲಿಯಾ ಹೈನ್, ಇನ್ನಿಬ್ಬರು. ಏಳನೆಯವರು ಯಾರು ಎಂಬುದು ಆಟದ ಮುಖ್ಯ ಪ್ರಶ್ನೆ. ಮೂವತ್ತು ವರ್ಷ ಕಳೆದಿದ್ದರೂ ಅದರ ಬಗ್ಗೆ ನಾನು ಬಾಯಿ ಬಿಡುವುದಿಲ್ಲ.

ಈ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆಡಿದರೆ ಎನ್ನುವುದಿಲ್ಲ. ಯಾಕೆನ್ನುವುದು ನನಗೆ ಬಹಳ ಕಾಲ ಬಗೆಹರಿಯಲಿಲ್ಲ. ಬಗೆಹರಿದದ್ದು ದೊಡ್ಡಪ್ಪ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ.

ಬಂಗಲೆಯ ಒಳಗೆ ನಮ್ಮ ಕೈ ಎಂದರೆ ಒಂದು ಎಲುಬಿನ ಕೈ. ಮೌಸ್ ಸರಿಸಿದ ಕಡೆ ಅದೂ ಸರಿಯುತ್ತದೆ. ಹೋಗಬಹುದಾದ ದಾರಿ ಇದ್ದರೆ ಬೆರಳಾಡಿಸಿ ಬಾ ಬಾ ಎನ್ನುತ್ತದೆ, ಇಲ್ಲದಿದ್ದರೆ ತೋರುಬೆರಳನ್ನು ಆಚೀಚೆ ಅಲ್ಲಾಡಿಸಿ ಊಹೂಂ ಎನ್ನುತ್ತದೆ. ಒಗಟು ಇರುವ ಕಡೆಗೆ ಬಂದರೆ ಕೈ ಮಾಯವಾಗಿ ತಲೆಬುರುಡೆಯೊಂದು ಮೂಡುತ್ತದೆ. ಅದರೊಳಗೆ ಮಿದುಳು ಲಬ್‌ಡಬ್ ಎಂದು ಬಡಿದುಕೊಳ್ಳುತ್ತಿರುತ್ತದೆ. ದೊಡ್ಡಪ್ಪನಿಗೆ ಬೇಕಾದದ್ದು ಆ ಬುರುಡೆಯೊಂದೇ. ಕಾರಿಡಾರಿನಲ್ಲಿ ಬಿಳಿ ಉಡುಪಿನ ಹೆಂಗಸು ತೇಲಿ ಬಂದು ಕೈಸನ್ನೆ ಮಾಡಿ ಕರೆದರೆ ನಾವು ಹುಡುಗರು ಉಸಿರು ಬಿಗಿ ಹಿಡಿಯುತ್ತಿದ್ದೆವು. ದೊಡ್ಡಪ್ಪ ಮಾತ್ರ, ‘ಈಯಮ್ಮ ಹೋಗ್ಲಿ ಬಿಡ್ರೋ, ಮುಂದಿನ ಲೆಕ್ಕ ಯಾವ ರೂಮಲ್ಲಿದೆ ನೋಡಿ’ ಎನ್ನುತ್ತಿದ್ದರು.

ಆ ಹೆಂಗಸಿನ ಮೈಯ ಸುತ್ತ ಒಂದು ಮಸುಕು ಬೆಳಕು ಇರುತ್ತದೆ. ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಿ, ಆಮೇಲೆ ಆ ನೀಲಿಯನ್ನು ತೆಗೆದು ಕಂಪ್ಯೂಟರಿನ ಬಂಗಲೆಯಲ್ಲಿ ಇಟ್ಟಾಗ ಅಂಚುಗಳು ಶುದ್ಧವಾಗಿ ಬರಲಿಲ್ಲ. ಸಿನಿಮಾದವರಾಗಿದ್ದರೆ ಮರುಚಿತ್ರೀಕರಣ ಎನ್ನುತ್ತಿದ್ದರು. ಇವರು ದೆವ್ವವಲ್ಲವೇ, ಇರಲಿ ಬಿಡಿ ಎಂದು ಆ ಅಂಚನ್ನೇ ಪ್ರಭೆಯಾಗಿಸಿಕೊಂಡರು. ಅಗ್ಗದಲ್ಲಿ ಸಿಕ್ಕ ಅಲೌಕಿಕತೆ. ನಟರಲ್ಲಿ ಹಲವರು ಆ ಕಡೆಯ ರಂಗಭೂಮಿಯವರು. ಸ್ಟೌಫ್ ಪಾತ್ರದ ರಾಬರ್ಟ್ ಹಿರ್ಷ್‌ಬೊಕ್ ಆರೆಗನ್ನಿನ ಷೇಕ್ಸ್‌ಪಿಯರ್ ನಾಟಕೋತ್ಸವದಲ್ಲಿ ಪಳಗಿದವನು. ಅವನ ಗಹಗಹಿಕೆ, ಮಾತಿನ ಎಳೆತ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕೆಂಬ ಹಟ, ಎಲ್ಲವೂ ನಮ್ಮ ಕಂಪನಿ ನಾಟಕದ ಖಳನಾಯಕನದೇ. ಹತ್ತಿರದಿಂದ ನೋಡಬಾರದ ನಟನೆಯನ್ನು ಹದಿನಾಲ್ಕು ಇಂಚಿನಲ್ಲಿ, ಮೂಗಿನ ಮುಂದೆ ಇಟ್ಟುಕೊಂಡು ನೋಡಿದರೆ ಭಯ ಹುಟ್ಟುವುದಾದರೂ ಹೇಗೆ?

ಮೊದಲ ಒಗಟುಗಳಲ್ಲಿ ಒಂದು ಊಟದ ಕೋಣೆಯ ಕೇಕು. ಮೇಲ್ಮೈ ಮೂವತ್ತು ಚೌಕ. ಹನ್ನೆರಡರ ಮೇಲೆ ತಲೆಬುರುಡೆ, ಹನ್ನೆರಡರ ಮೇಲೆ ಗೋರಿಕಲ್ಲು, ಆರು ಖಾಲಿ. ಅತಿಥಿಗಳು ಆರು ಜನ. ಪ್ರತಿಯೊಬ್ಬರಿಗೂ ಎರಡು ಬುರುಡೆ, ಎರಡು ಗೋರಿ, ಒಂದು ಖಾಲಿ ಬರುವಂತೆ, ತುಂಡು ಒಡೆಯದೆ ಒಂದಕ್ಕೊಂದು ಅಂಟಿಕೊಂಡಿರುವಂತೆ ಕತ್ತರಿಸಬೇಕು. ಕಾಗದದ ಮೇಲೆ ಮನೆಗಳನ್ನು ಗೀಚಿಕೊಂಡು ದೊಡ್ಡಪ್ಪ ಆಸ್ತಿ ಪಾಲು ಮಾಡುವ ಗಾಂಭೀರ್ಯದಲ್ಲಿ ಕೂತರು. ಮೂಲೆಯಿಂದ ಶುರು ಮಾಡಬೇಕು, ನಡುವಿನಿಂದ ಶುರು ಮಾಡಿದವನು ಕೆಟ್ಟ ಎನ್ನುವುದು ಅವರ ಸಿದ್ಧಾಂತ: ಮೂಲೆಯ ಮನೆಗೆ ನೆಂಟರು ಕಡಿಮೆ, ಅದು ಎಲ್ಲಿಗೆ ಸೇರಬೇಕೆಂಬುದು ಬೇಗ ತೀರ್ಮಾನವಾಗುತ್ತದೆ, ನಡುವಿನದಕ್ಕೆ ನಾಲ್ಕು ಕಡೆಯೂ ಸಂಬಂಧ, ಅದನ್ನು ಕಡೆಗೆ ಇಟ್ಟುಕೊಂಡರೆ ತಾನಾಗಿ ಒಂದು ಕಡೆ ಬೀಳುತ್ತದೆ. ಹಿಂದಿನಿಂದ ಸ್ಟೌಫ್ ಹಂಗಿಸುತ್ತಲೇ ಇದ್ದ. ದೊಡ್ಡಪ್ಪ ಸ್ಪೀಕರಿನ ತಿರುಪು ತಿರುಗಿಸಿ ಅವನ ಬಾಯಿ ಮುಚ್ಚಿಸಿದರು. ಮೂವತ್ತು ಚೌಕಗಳನ್ನು ನೋಡುತ್ತ ಕೂತವನಿಗೆ ಬೆನ್ನ ಹಿಂದೆ ಏನಿದೆ ಎಂಬ ಪರಿವೆ ಇರುವುದಿಲ್ಲ. ದೆವ್ವಕ್ಕೆ ಬೇಕಾದದ್ದು ನಮ್ಮ ಬೆನ್ನಿನ ಕಡೆಯ ಗಮನ. ಅದನ್ನು ಕೇಕಿಗೆ ಕೊಟ್ಟಮೇಲೆ ದೆವ್ವದ ಪಾಲಿಗೆ ಉಳಿಯುವುದೇನು?

ಅಡುಗೆಮನೆಯ ಉಗ್ರಾಣದಲ್ಲಿ ಡಬ್ಬಿಗಳ ಸಾಲಿದೆ, ಪ್ರತಿ ಡಬ್ಬಿಯ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಜೋಡಿಸಿ ವಾಕ್ಯ ಮಾಡಬೇಕು. ಎ, ಇ, ಐ, ಒ, ಯು ಯಾವುದೂ ಇಲ್ಲ, ಬರೀ ವೈ. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಈ ಡಬ್ಬಿಗಳ ಮುಂದೆ ಸ್ಟೌಫ್ ಮಾಡಿದ ಕೊಲೆಗಳೆಲ್ಲ ಸಣ್ಣ ಅಪರಾಧವಾಗಿ ಕಂಡವು.

ಚದುರಂಗದ ಒಗಟುಗಳು ಬಂದಾಗ ದೊಡ್ಡಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಬಿಳಿ ಕುದುರೆ ಇದ್ದಲ್ಲಿಗೆ ಕಪ್ಪು ಕುದುರೆ, ಕಪ್ಪಿದ್ದಲ್ಲಿಗೆ ಬಿಳಿ ತರುವುದು ಒಂದು. ಒಂಟೆಗಳ ಅದಲುಬದಲು ಇನ್ನೊಂದು. ಎಲ್ಲಕ್ಕೂ ಹಿರಿದು ಎಂಟು ಮಂತ್ರಿಗಳ ಸಮಸ್ಯೆ: ಮಣೆಯ ಮೇಲೆ ಎಂಟು ಮಂತ್ರಿಗಳನ್ನು ಒಬ್ಬರು ಇನ್ನೊಬ್ಬರನ್ನು ಹೊಡೆಯಲಾಗದಂತೆ ಕೂರಿಸಬೇಕು. ಇಂಗ್ಲಿಷಿನವರು ಅದನ್ನು ರಾಣಿ ಎನ್ನುತ್ತಾರೆ, ನಮಗೆ ಮಂತ್ರಿ. ದೊಡ್ಡಪ್ಪ ಒಂದು ಕ್ಷಣ ಪರದೆ ನೋಡಿ, ‘ಎಂಟು ಜನ ಮಂತ್ರಿಗಳನ್ನ ಒಬ್ಬರಿಗೊಬ್ಬರು ಹೊಡೆದಾಡದ ಹಾಗೆ ಕೂರಿಸೋದು ದೆವ್ವದ ಕೆಲಸ ಅಲ್ಲ ಕಣೋ, ಮುಖ್ಯಮಂತ್ರಿ ಕೆಲಸ’ ಎಂದರು. ಆಮೇಲೆ ನಿಜವಾದ ಮಣೆ ತರಿಸಿ, ಮಂತ್ರಿಗಳು ಸಾಲದೆ ಹುಣಸೆಬೀಜ ಇಟ್ಟು ಕೂತರು.

ಈ ಸಮಸ್ಯೆಯನ್ನು ಮ್ಯಾಕ್ಸ್ ಬೆಝಲ್ ಎಂಬ ಜರ್ಮನ್ ಚದುರಂಗದ ಆಟಗಾರ ಮೊದಲು ಮುಂದಿಟ್ಟದ್ದು 1848ರಲ್ಲಿ. ಗಣಿತಜ್ಞ ಗೌಸ್ ಕೂಡ ಇದಕ್ಕೆ ತಲೆ ಕೊಟ್ಟ. ಒಟ್ಟು 92 ಉತ್ತರಗಳಿವೆ. ಮಣೆಯನ್ನು ತಿರುಗಿಸಿ, ಕನ್ನಡಿಯಲ್ಲಿ ಹಿಡಿದು ಸಿಗುವವನ್ನೆಲ್ಲ ಒಂದೇ ಎಂದುಕೊಂಡರೆ ಉಳಿಯುವುದು 12. ಒಂದನ್ನು ಇಲ್ಲೇ ಕೊಡುತ್ತೇನೆ, ಪರೀಕ್ಷಿಸಿ ನೋಡಿ: ಮೊದಲ ಸಾಲಿನಲ್ಲಿ 1ನೆಯ ಮನೆ, ಅನಂತರದ ಸಾಲುಗಳಲ್ಲಿ ಕ್ರಮವಾಗಿ 5, 8, 6, 3, 7, 2, 4.

ಯೂರೋಪಿನಲ್ಲಿ ಈ ಪ್ರಶ್ನೆ ಓಡಾಡುತ್ತಿದ್ದ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ದೊರೆಗೆ ಉಳಿದದ್ದು ಬಿರುದು, ಪರಿವಾರ ಮತ್ತು ಪುರುಸೊತ್ತು. ಅವರು ಅದನ್ನು ಕಲೆಗೆ, ಪುಸ್ತಕಕ್ಕೆ, ಆಟಕ್ಕೆ ಕೊಟ್ಟರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಮಣೆಯಾಟಗಳಿಗೇ ಮೀಸಲು. ಕುದುರೆಯೊಂದು ಮಣೆಯ ಪ್ರತಿ ಮನೆಯನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ನಡೆಗಳನ್ನು ಸ್ವತಃ ರಚಿಸಿದರು. ಅಧಿಕಾರ ಕಳೆದುಕೊಂಡವರು ಮಾಡಬಹುದಾದ ಕೆಲಸಗಳಲ್ಲಿ ಇದು ಅತ್ಯುತ್ತಮವಾದದ್ದು, ಇಂದಿನವರೂ ಯೋಚಿಸಬಹುದು. ಕುದುರೆ ನಡೆ ನಮ್ಮಲ್ಲಿ ಇನ್ನೂ ಹಳೆಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ, ನೇರವಾಗಿ ಓದಿದರೂ ಕುದುರೆ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುವ ತುರಗಪದ ಬಂಧವನ್ನು ಕೊಟ್ಟಿದ್ದಾನೆ. ದೊಡ್ಡಪ್ಪನಿಗೆ ರುದ್ರಟ ಗೊತ್ತಿರಲಿಲ್ಲ, ಮುಮ್ಮಡಿಯವರು ಗೊತ್ತಿದ್ದರು. ‘ನಮ್ಮ ಮಹಾರಾಜರು ಕಟ್ಟಿಸಿದ್ರೆ ಈ ಬಂಗ್ಲೆ ಇನ್ನೂ ಚೆನ್ನಾಗಿರ್ತಿತ್ತು, ಕೊಲೆ ಗಿಲೆ ಇಲ್ದೆ’ ಎಂದು ಮೈಸೂರಿನ ಪರವಾಗಿ ತೀರ್ಪು ಕೊಟ್ಟರು.

ಹಾಗೆ ನೋಡಿದರೆ ಒಗಟು ಹಾಕುವ ದೆವ್ವ ನಮಗೆ ಹೊಸದಲ್ಲ. ‘ಚಂದಮಾಮ’ ಓದಿ ಬೆಳೆದವರೆಲ್ಲರಿಗೂ ಒಬ್ಬ ಬೇತಾಳ ಗೊತ್ತು. ಮರದಿಂದ ಇಳಿಸಿ ಹೆಗಲಿಗೆ ಹಾಕಿಕೊಂಡ ಶವ ದಾರಿಯಲ್ಲಿ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಉತ್ತರ ಹೇಳಿದರೆ ಮೌನ ಮುರಿಯಿತು, ಬೇತಾಳ ಮತ್ತೆ ಮರಕ್ಕೆ. ಬಾಯಿ ಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ. ಮಹಾಭಾರತದ ಯಕ್ಷನ ಕೊಳದ ದಡದಲ್ಲಂತೂ ಧರ್ಮರಾಯ ಉತ್ತರ ಹೇಳಲು ನಿಂತಾಗ ನಾಲ್ವರು ತಮ್ಮಂದಿರು ಸತ್ತು ಬಿದ್ದಿದ್ದಾರೆ. ಇಂಥ ಕಡೆ ಪ್ರಶ್ನೆಯೇ ಭಯ. ಸ್ಟೌಫ್‌ನ ಮನೆಯಲ್ಲಿ ತಪ್ಪು ಮಾಡಿದರೆ ಏನಾಗುತ್ತದೆ? ಏನೂ ಇಲ್ಲ. ಕೇಕು ಮತ್ತೆ ಇಡಿಯಾಗುತ್ತದೆ, ಅವನು ಒಂದು ಕುಹಕದ ಮಾತಾಡುತ್ತಾನೆ, ಅಷ್ಟೇ. ಸಾಲದ್ದಕ್ಕೆ ಗ್ರಂಥಾಲಯದಲ್ಲಿ ಒಂದು ಪುಸ್ತಕ ಇಟ್ಟಿದ್ದಾರೆ. ಒಗಟು ಬಿಡಿಸಲಾಗದವರು ಅಲ್ಲಿಗೆ ಹೋಗಿ ಸುಳಿವು ಕೇಳಬಹುದು. ಮೂರನೆಯ ಸಲ ಕೇಳಿದರೆ ಪುಸ್ತಕವೇ ಒಗಟನ್ನು ಬಿಡಿಸಿ ಕೊಟ್ಟುಬಿಡುತ್ತದೆ. ಮಕ್ಕಳನ್ನು ಕೊಂದ ಪಿಶಾಚಿ ಪರೀಕ್ಷೆಗೆ ಗೈಡ್ ಕೂಡ ಇಟ್ಟಿದ್ದಾನೆ ಎಂದರೆ ಅವನನ್ನು ಕಂಡು ಹೆದರುವುದು ಹೇಗೆ? ಟ್ಯೂಷನ್ ಮೇಷ್ಟರ ಮಟ್ಟಕ್ಕೆ ಇಳಿದುಬಿಟ್ಟ.

ಆದರೆ ಒಂದು ಕೋಣೆಯನ್ನು ಇದರಿಂದ ಹೊರಗಿಡಬೇಕು. ಮೇಲಿನ ಪ್ರಯೋಗಾಲಯದಲ್ಲಿ ಒಂದು ಮೈಕ್ರೋಸ್ಕೋಪ್ ಇದೆ. ಕಣ್ಣಿಟ್ಟರೆ ಏಳು ಮನೆ ಉದ್ದ, ಏಳು ಮನೆ ಅಗಲದ ಮಣೆ, ಅದರ ಮೇಲೆ ಎರಡು ಬಣ್ಣದ ಜೀವಕಣಗಳು. ಒಂದು ನಮ್ಮದು, ಒಂದು ಸ್ಟೌಫ್‌ನದು. ಪಕ್ಕದ ಮನೆಗೆ ನಡೆದರೆ ನಮ್ಮ ಕಣ ಎರಡಾಗುತ್ತದೆ. ಎರಡು ಮನೆ ಆಚೆ ಹಾರಿದರೆ ಎರಡಾಗುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಹೋಗಿ ಕೂತ ಕಡೆ ಸುತ್ತಲಿರುವ ಶತ್ರುಕಣಗಳೆಲ್ಲ ನಮ್ಮ ಬಣ್ಣಕ್ಕೆ ತಿರುಗುತ್ತವೆ. ಊರಿನ ಮಕ್ಕಳನ್ನು ತಿಂದ ರೋಗ ಇಲ್ಲಿ ಆಟವಾಗಿದೆ. ಇಡೀ ಮನೆಯಲ್ಲಿ ಎದುರಾಳಿ ನಿಜವಾಗಿ ಕೂತು ಆಡುವುದು ಇಲ್ಲಿ. ಕೇಕು ನಾವು ಯೋಚಿಸುವವರೆಗೆ ಕಾಯುತ್ತದೆ, ಮಂತ್ರಿಗಳು ಕಾಯುತ್ತಾರೆ. ಇವನು ಕಾಯುವುದಿಲ್ಲ, ನಮ್ಮ ನಡೆ ಮುಗಿದದ್ದೇ ಚಕ್ಕನೆ ತನ್ನದು ಇಡುತ್ತಾನೆ. ಮಣೆ ಅರ್ಧಕ್ಕಿಂತ ಹೆಚ್ಚು ನಮ್ಮ ಬಣ್ಣವಾಯಿತು, ಗೆದ್ದೆವು ಎನ್ನುವಾಗ ಒಂದೇ ನೆಗೆತಕ್ಕೆ ಐದಾರು ಮನೆ ಹೋಗುತ್ತದೆ, ಮುಂದಿನದಕ್ಕೆ ಇನ್ನೈದು.

ದೊಡ್ಡಪ್ಪ ಇಲ್ಲಿ ಸೋತರು. ಮತ್ತೆ ಮತ್ತೆ ಸೋತರು. ಅಡ್ಡ ಪಂಚೆಯನ್ನು ಮೇಲೆತ್ತಿ ಕಟ್ಟಿ, ಕನ್ನಡಕ ಒರೆಸಿ ಕೂತರೂ ಸೋತರು. ಸ್ಪೀಕರಿನ ತಿರುಪು ಮುಟ್ಟುವುದನ್ನು ಮರೆತಿದ್ದರಿಂದ ಸ್ಟೌಫ್‌ನ ನಗು ಪೂರ್ತಿ ದನಿಯಲ್ಲಿ ಕೇಳುತ್ತಿತ್ತು. ದೊಡ್ಡಮ್ಮ ಒಳಗಿನಿಂದ, ‘ಯಾರ್ರೀ ಅದು ಹೊತ್ತಲ್ಲದ ಹೊತ್ನಲ್ಲಿ ನಗ್ತಿರೋರು?’ ಎಂದು ಕೇಳಿದಾಗ ದೊಡ್ಡಪ್ಪ ಉತ್ತರ ಕೊಡಲಿಲ್ಲ, ತಿರುಗಿ ಕಿಟಕಿಯ ಕಡೆ ನೋಡಿದರು. ಆ ಆಟ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಹಿಂದಿರುಗಿ ನೋಡುವಂತೆ ಮಾಡಿದ್ದು ಆಗ ಮಾತ್ರ. ತೇಲಿ ಬಂದ ಹೆಂಗಸಿಗಾಗಲಿ, ಗೋಡೆಯಿಂದ ಚಾಚಿದ ಕೈಗಾಗಲಿ ಆ ಕೆಲಸ ಆಗಿರಲಿಲ್ಲ.

ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಆಟ ಇದು. ಜನ ಇದಕ್ಕಾಗಿಯೇ ಸಿ.ಡಿ. ಡ್ರೈವ್ ಕೊಂಡರು. ಅದೇ 1993ರ ಸೆಪ್ಟೆಂಬರಿನಲ್ಲಿ ‘ಮಿಸ್ಟ್’ ಬಂತು. ಅದರಲ್ಲಿ ದೆವ್ವವಿಲ್ಲ, ಆದರೂ ಖಾಲಿ ದ್ವೀಪದ ನಿಶ್ಶಬ್ದ ಸ್ಟೌಫ್‌ನ ಗಹಗಹಿಕೆಗಿಂತ ಹೆಚ್ಚು ಕಾಡುತ್ತದೆ. ಡಿಸೆಂಬರಿನಲ್ಲಿ ‘ಡೂಮ್’ ಬಂತು. ಅದರಲ್ಲಿ ಯೋಚಿಸಲು ಪುರುಸೊತ್ತೇ ಇಲ್ಲ, ಆದ್ದರಿಂದ ಹೆದರಲು ಬೇಕಾದಷ್ಟು ಅವಕಾಶ. ಟ್ರೈಲೊಬೈಟ್‌ನವರು 1995ರಲ್ಲಿ ‘ದಿ ಇಲೆವೆಂತ್ ಅವರ್’ ಎಂಬ ಮುಂದುವರಿದ ಭಾಗ ತಂದರು. ಮೊದಲಿನದರ ಸುಖ ಅದರಲ್ಲಿಲ್ಲ, ಒಗಟುಗಳು ಬಿಗಿಯಾಗುವ ಬದಲು ಬರೀ ಜಟಿಲವಾದವು. ದಶಕ ಮುಗಿಯುವ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು. ಗ್ರೇಮ್ ಡಿವೈನ್ ಹೋಗಿ ಸೇರಿದ್ದು ‘ಡೂಮ್’ ಮಾಡಿದ ಕಂಪನಿಯನ್ನೇ. ‘ಡೂಮ್ 3’ರಲ್ಲಿ ಅವನ ಕೆಲಸವೂ ಇದೆ. ಕೇಕು ಕತ್ತರಿಸಲು ಕೊಟ್ಟವನೇ ಕೊನೆಗೆ ಬಂದೂಕು ಕೊಟ್ಟ.

ಸಂಗೀತವನ್ನು ಹೇಳದೆ ಬಿಟ್ಟರೆ ಅನ್ಯಾಯ. ‘ದಿ ಫ್ಯಾಟ್ ಮ್ಯಾನ್’ ಎಂದು ಕರೆಸಿಕೊಳ್ಳುತ್ತಿದ್ದ ಜಾರ್ಜ್ ಸ್ಯಾಂಗರ್ ಮಾಡಿದ್ದು. ಎರಡನೆಯ ಡಿಸ್ಕನ್ನು ಹಾಡು ಕೇಳುವ ಪ್ಲೇಯರಿಗೆ ಹಾಕಿದರೂ ನುಡಿಯುತ್ತಿತ್ತು. ಮನೆಯ ಕೋಣೆ ಕೋಣೆಯಲ್ಲೂ ಅದೇ ರಾಗ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಚಿತ್ರಗಳು ಇಂದು ಹಳತಾಗಿ ಕಾಣುತ್ತವೆ, ನಟನೆ ಅಂದೇ ಹಳತಾಗಿತ್ತು, ರಾಗ ಮಾತ್ರ ಹಾಗೇ ಇದೆ.

ಈಗ ಆ ಆಟ ಇಂದಿನ ಕಂಪ್ಯೂಟರುಗಳಲ್ಲೂ ಓಡುತ್ತದೆ, ದುಡ್ಡು ಕೊಟ್ಟು ಅಸಲು ಪ್ರತಿಯನ್ನೇ ಇಳಿಸಿಕೊಳ್ಳಬಹುದು. 2023ರಲ್ಲಿ ಮುಖಕ್ಕೆ ಕಟ್ಟಿಕೊಂಡು ಆಡುವ ವಿ.ಆರ್. ರೂಪವೂ ಬಂದಿದೆ. ಹೆದರಬೇಕೆಂದಿರುವವರು ಬೇರೆ ಆಟ ನೋಡಿಕೊಳ್ಳಿ. ರಾತ್ರಿ ಊಟವಾದ ಮೇಲೆ ಒಂದೆರಡು ತಾಸು ತಲೆ ಕೆರೆದುಕೊಳ್ಳುವ ಆಸೆ ಇರುವವರು ಇದನ್ನು ಹಾಕಿ. ಕೇಕಿಗೆ ಒಂದು ಹಾಳೆ, ಪೆನ್ಸಿಲು, ರಬ್ಬರು ಜೊತೆಗಿಟ್ಟುಕೊಳ್ಳಿ, ಮೂಲೆಯಿಂದ ಶುರು ಮಾಡಿ. ಗ್ರಂಥಾಲಯದ ಪುಸ್ತಕ ಮುಟ್ಟಬೇಡಿ. ಪ್ರಯೋಗಾಲಯಕ್ಕೆ ಹೋಗುವ ಮುಂಚೆ ಆಟವನ್ನು ಸೇವ್ ಮಾಡಿಕೊಳ್ಳಿ.